ಮೋಟೆಬೆನ್ನೂರಿನಲ್ಲಿ ಹತ್ತುವ ಚಳಿ

ಚಳಿ ಎಲ್ಲಿಂದ ಬರುತ್ತದೆ? ಹಿಮಾಲಯದ ಕಡೆಯಿಂದ ಎಂದು ನಿಮಗೆ ಭೂಗೋಳದ ಮಾಸ್ತರರು ಹೇಳಿಕೊಟ್ಟಿದ್ದರೆ ದಯವಿಟ್ಟು ಮರೆತುಬಿಡಿ. ನನ್ನ ಸೋದರಮಾವನ ಪ್ರಕಾರ ಚಳಿ ಮೋಟೆಬೆನ್ನೂರಿನಲ್ಲಿ ಬಸ್ಸು ಹತ್ತುತ್ತದೆ, ಬ್ಯಾಡಗಿಯಲ್ಲಿ ಇಳಿಯುತ್ತದೆ, ಇಳಿದು ಸೀದಾ ನಮ್ಮ ಹಿತ್ತಲಿಗೆ ನಡೆದು ಬರುತ್ತದೆ. ಅದೂ ಟಿಕೆಟ್ ತೆಗೆಸದೆ!

ನೀವು ನಗುತ್ತೀರಿ. ನಾನೂ ನಕ್ಕಿದ್ದೆ. ಈಗ ನಗಬೇಕೋ ಬೇಡವೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಮಾಮಾ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳ ನಡುವೆಯೇ ಇಡೀ ನೌಕರಿ ಮುಗಿಸಿದ ಬಸ್ ಕಂಡಕ್ಟರ್. ನಿವೃತ್ತನಾಗಿದ್ದಾನೆಂದು ಸರಕಾರಕ್ಕೆ ಗೊತ್ತು, ನಮಗೆ ಗೊತ್ತು, ಮಾಮಾನಿಗೆ ಮಾತ್ರ ಇನ್ನೂ ಯಾರೂ ತಿಳಿಸಿದಂತಿಲ್ಲ. ಮನೆಯಲ್ಲಿ ಪಂಕ್ತಿಗೆ ಕುಳಿತವರಿಗೆ "ಒಳಗ ಸರೀರಿ, ಹಿಂದ ಜಾಗಾ ಐತಿ" ಅನ್ನುತ್ತಾನೆ. ಬಚ್ಚಲುಮನೆ ಬಾಗಿಲಲ್ಲಿ ಟವೆಲ್ ಹಿಡಿದು ನಿಂತವರಿಗೆ "ಇಳಿಯೋರು ಮೊದ್ಲ ಇಳೀಲಿ, ಆಮ್ಯಾಲ ಹತ್ರಿ" ಅನ್ನುತ್ತಾನೆ. ನಾನು ಹಾವೇರಿಯಲ್ಲಿ ಕಾನೂನು ಓದಲೆಂದು ಬ್ಯಾಡಗಿಯ ಈ ಮನೆಗೆ ಬಂದು ಮೂರು ವರ್ಷವಾಯಿತು. ಒಂದು ದಿನವೂ ಶಿಳ್ಳೆ ಕೇಳದೆ ಮನೆಯಿಂದ ಹೊರಗೆ ಹೋದವಳಲ್ಲ. ನಾನು ಹೊಸ್ತಿಲು ದಾಟಿದರೆ ಸಾಕು, ಹಿಂದಿನಿಂದ "ರೈಟ್!"

ಎದುರುಮನೆಯ ಬಾಡಿಗೆದಾರರು ವರ್ಗವಾಗಿ ಹೋಗುವಾಗ ಮೂರು ಬಿಳಿ ಮೊಲ, ಎರಡು ಗಿನಿಪಿಗ್ಗುಗಳನ್ನು ಮಾಮಾನಿಗೆ ಬಿಟ್ಟುಹೋದರು. ಗಿನಿಪಿಗ್ಗೆಂದರೆ ಬಾಲವೊಂದನ್ನು ಹಚ್ಚಲು ಮರೆತ ದೊಡ್ಡ ಇಲಿಯಂಥ ಪ್ರಾಣಿ. ಸೊಪ್ಪಿನ ಸದ್ದು ಕೇಳಿದರೆ ಶಿಳ್ಳೆ ಹೊಡೆಯುತ್ತದೆ. ಶಿಳ್ಳೆ ಹೊಡೆಯುವ ಪ್ರಾಣಿ! ಮಾಮಾನಿಗೆ ಇನ್ನೇನು ಬೇಕು? ಕರಿಯ ಕಿವಿಯದಕ್ಕೆ ದೊಡ್ಡಾಕಿ, ಕಂದು ಕಿವಿಯದಕ್ಕೆ ಸಣ್ಣಾಕಿ ಎಂದು ಹೆಸರಿಟ್ಟ. ಮೊಲಗಳು ಇವರನ್ನು ಒದೆಯುತ್ತವೆಂದು ಗೂಡಿನ ನಡುವೆ ಹಲಗೆ ಬಡಿದು ಈಚೆಯ ಭಾಗದ ಮೇಲೆ 'ಮಹಿಳೆಯರಿಗೆ ಮಾತ್ರ' ಎಂದು ಬಣ್ಣದಲ್ಲಿ ಬರೆದ.

ಇನ್ನು ನನ್ನ ತಪ್ಪೊಪ್ಪಿಗೆ. ತಪ್ಪೊಪ್ಪಿಗೆ ಅಲ್ಲ, ಹೇಳಿಕೆ.

ಹೋದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಮಾಮಾ ಗೂಡಿಗೆ ಹೊದಿಕೆ ಹಾಕಲು ಹೊರಟ. ನಾನು ಅಡ್ಡ ನಿಂತೆ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ನಿಂತವಳಿಗೆ ಎದುರು ಪಕ್ಷ ಸಿಕ್ಕರೆ ನಾಲಿಗೆ ಸುಮ್ಮನಿರುತ್ತದೆಯೇ? ರೊಟ್ಟಿ ಬಡಿಯುತ್ತಿದ್ದ ಅತ್ತೆಯನ್ನೇ ಅಧ್ಯಕ್ಷೆ ಮಾಡಿಕೊಂಡು ವಾದ ಮಂಡಿಸಿದೆ. ಮೊಲಕ್ಕೆ ಹುಟ್ಟುವಾಗಲೇ ಸ್ವೆಟರ್ ಕೊಟ್ಟು ಕಳಿಸಿದ್ದಾರೆ. ಗೂಡಿಗೆ ಹೊದಿಕೆ ಹಾಕಿ ಎಂದು ಇಂಟರ್ನೆಟ್ಟಿನಲ್ಲಿ ಬರೆಯುವವರೆಲ್ಲ ಕುಡಿಯುವ ನೀರು ಹೆಪ್ಪುಗಟ್ಟುವ ದೇಶದವರು. ಬ್ಯಾಡಗಿಯಲ್ಲಿ ಹೆಪ್ಪುಗಟ್ಟುವುದು ಮೊಸರೊಂದೇ. ಅದೂ ಅತ್ತೆ ಮನಸ್ಸು ಮಾಡಿದರೆ!

"ಅಧ್ಯಕ್ಷರ ಹೆಸರು ಎದಕ ತರತೀಯವಾ ನಡುವ" ಎಂದಳು ಅತ್ತೆ.

ಮಾಮಾ ಮಾತ್ರ ತಲೆ ಕೆರೆದುಕೊಂಡು ಪೂರ್ತಿ ಕೇಳಿದ. "ನೀ ಹೇಳೂದು ಖರೇ ಅನ್ನಿಸ್ತೈತಿ. ಆತು ಬಿಡವಾ, ನೀನ ಗೆದ್ದಿ" ಎಂದ. ಹೊದಿಕೆಯನ್ನು ಮಡಚಿ ಅಟ್ಟಕ್ಕೆ ಹಾಕಿದ.

ಇಪ್ಪತ್ತು ದಿನವಾಗಿರಬೇಕು. ಒಂದು ಮುಂಜಾನೆ ದೊಡ್ಡಾಕಿ ಗೂಡಿನ ಮೂಲೆಯಲ್ಲಿ ಸೆಟೆದು ಬಿದ್ದಿದ್ದಳು. ಸಣ್ಣಾಕಿ ಅವಳಿಗೆ ಒತ್ತಿಕೊಂಡೇ ಕುಳಿತಿದ್ದಳು.

ಮಾಮಾ ಕರಿಬೇವಿನ ಗಿಡದ ಬುಡದಲ್ಲಿ ತಗ್ಗು ತೋಡಿ ಹೂತ. ನನಗೆ ಒಂದು ಮಾತೂ ಅನ್ನಲಿಲ್ಲ. ಒಂದೇ ಒಂದು ಮಾತು! "ನೋಡಿದಿಲ್ಲೋ" ಎಂದಿದ್ದರೂ ನನ್ನ ಬಳಿ ಉತ್ತರ ತಯಾರಿತ್ತು. ಚಳಿಯಿಂದಲೇ ಸತ್ತಿತೆನ್ನಲು ಸಾಕ್ಷಿ ಏನು? ಚಳಿಗಾಲದಲ್ಲಿ ಸತ್ತದ್ದೆಲ್ಲ ಚಳಿಯಿಂದ ಸತ್ತದ್ದೇ? ಮೊಲಗಳಿಗೆ ಏನೂ ಆಗಲಿಲ್ಲವಲ್ಲ? ಆದರೆ ಯಾರೂ ಹೊರಿಸದ ಆರೋಪಕ್ಕೆ ಪ್ರತಿವಾದ ಹೂಡುವುದು ಹೇಗೆ? ನಾನು ಒಳಗೊಳಗೇ ಇಡೀ ವರ್ಷ ವಾದಿಸಿದೆ. ಒಂದು ದಿನ ಗೆಲ್ಲುತ್ತಿದ್ದೆ, ಮರುದಿನ ಸೋಲುತ್ತಿದ್ದೆ. ಸಣ್ಣಾಕಿ ಅಂದಿನಿಂದ ಶಿಳ್ಳೆ ನಿಲ್ಲಿಸಿದಳು. ಕೊತ್ತಂಬರಿ ಕಟ್ಟನ್ನು ಮೂಗಿನ ಮುಂದೆ ಆಡಿಸಿದರೂ ಸದ್ದಿಲ್ಲ.

ಈ ವರ್ಷ ದೀಪಾವಳಿಗೂ ಮೊದಲೇ ಮಾಮಾ ಹೇಳಿದ: "ಈ ಚಳಿ ಒಂದು ಸಣ್ಣಾಕಿನ್ನ ದಾಟಿಸಿಬಿಟ್ರ ಸಾಕವಾ. ಮುಂದಿಂದು ಮುಂದ."

ನಾನು "ಹೂಂ" ಎಂದೆ. ವಿರೋಧ ಪಕ್ಷ ಸಭಾತ್ಯಾಗ ಮಾಡಿತ್ತು.

ಮೊದಲು ಗೂಡು ಯಾವ ದಿಕ್ಕಿಗೆ ಮುಖ ಮಾಡಬೇಕೆಂಬ ಪ್ರಶ್ನೆ ಬಂತು. ಗಾಳಿ ಬರುವ ಕಡೆ ಬೆನ್ನಿರಬೇಕು. ಸರಿ, ಗಾಳಿ ಎಲ್ಲಿಂದ? ಮಾಮಾ ಹಿತ್ತಲ ನಡುವೆ ಕಣ್ಣು ಮುಚ್ಚಿ, ಒಂದು ಕೈ ಮೇಲೆತ್ತಿ ಏನನ್ನೋ ಹಿಡಿದುಕೊಂಡವನಂತೆ ನಿಂತ. ಧ್ಯಾನವೇ? ಅಲ್ಲ! ಬಸ್ಸಿನ ಕಂಬಿ ಹಿಡಿದಿದ್ದ!

"ಈಗ ಹಾವೇರಿ ಬಿಟ್ಟೀವಿ" ಎಂದ ಕಣ್ಣು ಮುಚ್ಚಿಯೇ. "ರಾಣೆಬೆನ್ನೂರಿಗೆ ಹೊಂಟೀವಿ. ಮುಂಜಾನೆ ಮೊದಲನೇ ಗಾಡಿ. ಮೋಟೆಬೆನ್ನೂರು ಬಂತು. ಯಾವ ಕಡೆ ಶಟರ್ ಎಳ್ಯಾಕತ್ತಾರ? ಎಡಗಡೆಯವರು! ಬಲಗಡೆಯವರು ಹಾಯಾಗಿ ಮಕ್ಕೊಂಡಾರ. ಅಂದ್ರ ಗಾಳಿ ಎಡಕ್ಕ ಐತಿ. ಗೂಡಿನ ಬೆನ್ನು ಆ ಕಡೆ ತಿರುಗಿಸು."

"ಮಾಮಾ, ಬಸ್ಸು ಓಡುವಾಗ ಗಾಳಿ ಎಲ್ಲಾ ಕಡೆಯಿಂದ ಬಡೀತೈತಿ. ಇದು ಪುರಾವೆ ಅಲ್ಲ."

"ಎಷ್ಟು ವರ್ಷ ಬಾಗಲದಾಗ ನಿಂತಿದ್ದಿ ನೀ?"

ಒಂದು ವರ್ಷವೂ ಇಲ್ಲ. ಫೋನು ತೆಗೆದು ಹವಾಮಾನ ನೋಡಿದೆ. ಈಶಾನ್ಯದ ಗಾಳಿ ಎಂದಿತ್ತು. ನಕ್ಷೆ ತೆಗೆದೆ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಬಸ್ಸಿನ ಎಡಗಡೆ ಎಂದರೆ ಈಶಾನ್ಯವೇ! ತಪ್ಪು ದಾರಿಯಲ್ಲಿ ಹೊರಟವನು ಸರಿಯಾದ ಊರು ಮುಟ್ಟಿದರೆ ಅವನಿಗೆ ಅಂಕ ಕೊಡಬೇಕೋ ಬೇಡವೋ? ಯಾವ ತೀರ್ಪುಗಾರರೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಗೂಡಿನ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ನೆಲದಿಂದ ಎತ್ತರಿಸಿದೆವು, ಬೆನ್ನನ್ನು ಮೋಟೆಬೆನ್ನೂರಿನ ಕಡೆಗೆ ತಿರುಗಿಸಿದೆವು.

ಆಮೇಲೆ ಹೊದಿಕೆ. ಅಟ್ಟದ ಮೇಲಿಟ್ಟ ಹಳೆಯದನ್ನು ಇಲಿಗಳು ತಮ್ಮ ಮನೆಗೆ ಬಳಸಿಕೊಂಡಿದ್ದವು. ಮಾಮಾ ಪೇಟೆಗೆ ಹೋಗಿ, ಹಮಾಲಿ ಮಾಡುವ ಗೆಳೆಯನ ಹತ್ತಿರ ಕೇಳಿ ಹತ್ತು ಖಾಲಿ ಗೋಣಿಚೀಲ ಹೊತ್ತು ತಂದ. ನೀವು ಬೇರೆ ಊರಿನವರಾದರೆ ಇದರಲ್ಲಿ ಏನು ತಪ್ಪೆಂದು ಕೇಳಬಹುದು. ಬ್ಯಾಡಗಿಯ ಪೇಟೆಯಲ್ಲಿ ಖಾಲಿ ಚೀಲವೆಂದರೆ ಅದರಲ್ಲಿ ಮೊದಲು ಏನಿತ್ತು ಹೇಳಿ? ಮೆಣಸಿನಕಾಯಿ!

"ಮಾಮಾ, ಖಾರ!" ಎಂದೆ.

"ಏ ಹುಚ್ಚಿ, ಬ್ಯಾಡಗಿ ಕಾಯಿ ಖಾರ ಇರಂಗಿಲ್ಲ. ಬಣ್ಣ ಅಷ್ಟ. ಜಗತ್ತಿಗೇ ಗೊತ್ತೈತಿ, ನಿನಗ ಗೊತ್ತಿಲ್ಲೇನು?"

ಊರಿನ ಅಭಿಮಾನದ ಪ್ರಶ್ನೆ! ಇದರ ವಿರುದ್ಧ ಮಾತಾಡಿದರೆ ಬ್ಯಾಡಗಿಯಲ್ಲಿ ಬಾಳುವುದು ಕಷ್ಟ. ಚೀಲಗಳನ್ನು ಗೂಡಿನ ಸುತ್ತ ಒಳಗೂ ಹೊರಗೂ ಇಳಿಬಿಟ್ಟೆವು. ಸಂಜೆಯಾಗುತ್ತಲೇ ಅತ್ತೆ ಸೀನಿದಳು. ಪಕ್ಕದ ಮನೆಯ ಅಜ್ಜ ಸೀನಿದ. ಹಿಂದಿನ ಓಣಿಯಿಂದ ಯಾರೋ ಸೀನಿ, "ಯಾರ ಮನ್ಯಾಗರಿ ಒಗ್ಗರಣಿ?" ಎಂದು ಕೂಗಿದರು. ಮೊಲವೂ ಸೀನುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ. 'ಪ್ಚ್' ಎನ್ನುತ್ತದೆ, ಅಷ್ಟೇ, ಬಹಳ ಮರ್ಯಾದೆಯಿಂದ.

"ಖಾರ ಇಲ್ಲಂದಿ" ಎಂದೆ ಮೂಗು ಒರೆಸಿಕೊಳ್ಳುತ್ತ.

"ಖಾರ ಅಲ್ಲವಾ ಅದು, ಧೂಳಿ" ಎಂದ ಮಾಮಾ ಕಣ್ಣು ಒರೆಸಿಕೊಳ್ಳುತ್ತ.

ಗೂಡಿನ ಬಾಗಿಲು ತೆಗೆದು ನೋಡಿದರೆ ಮೂರು ಮೊಲಗಳೂ ಚೀಲಕ್ಕೆ ಮೈ ಉಜ್ಜಿ ಉಜ್ಜಿ ಕೆಂಪಗಾಗಿದ್ದವು. ಹಾಲಿನಂಥ ಮೊಲಗಳು ಈಗ ನಮ್ಮ ಕೆಂಪು ಬಸ್ಸಿನ ಬಣ್ಣ! ಮಾಮಾ ದಿಟ್ಟಿಸಿ ನೋಡಿದ. ಅವನ ಮುಖದ ಮೇಲೆ ಪಶ್ಚಾತ್ತಾಪ ಬರುತ್ತದೆಂದು ಕಾದೆ. "ನಾ ಹೇಳಿದ್ನಿಲ್ಲೋ?" ಎಂದ ಹೆಮ್ಮೆಯಿಂದ. "ಬಣ್ಣ ನೋಡು, ಬಣ್ಣ!"

ಸಣ್ಣಾಕಿ ಒಬ್ಬಳೇ ತನ್ನ ಒಣಹುಲ್ಲಿನೊಳಗೆ ಹುದುಗಿಕೊಂಡು ಪಾರಾಗಿದ್ದಳು. ಅವಳನ್ನು ಎತ್ತಿಕೊಂಡು ಮಾಮಾ ಮೂಗಿಗೆ ಮೂಗು ಹಚ್ಚಿ ಉಸಿರು ಕೇಳಿದ. ಅವಳು ಸೀನಲಿಲ್ಲ. ಆಗ ಮಾತ್ರ ಅವನು ಚೀಲಗಳನ್ನು ಬಿಚ್ಚಿದ.

ಚೀಲ ಹೋಗಿ ಲಾರಿಗೆ ಹೊದಿಸುವ ತಾಡಪತ್ರಿ ಬಂತು. ಮಾಮಾ ಅದನ್ನು ಮಿಠಾಯಿ ಪೊಟ್ಟಣದಂತೆ ಗೂಡಿಗೆ ಸುತ್ತಿ ಹಗ್ಗ ಬಿಗಿದ. ಮರುದಿನ ಬಿಚ್ಚಿದರೆ ಒಳಗೆ ತೇವ, ಉಚ್ಚೆಯ ಘಾಟು, ಪ್ರಾಣಿಗಳ ಕಣ್ಣಲ್ಲಿ ನೀರು. ಇಲ್ಲಿ ನಾನು ಬಾಯಿ ತೆರೆಯಲೇಬೇಕಾಯಿತು. ಬೆಚ್ಚಗಿರಬೇಕು ನಿಜ, ಆದರೆ ಉಸಿರೂ ಆಡಬೇಕು. ಎದುರಿನ ಜಾಲರಿಯ ಮೇಲ್ಭಾಗ ತೆರೆದಿರಲಿ ಎಂದೆ. ಹೋದ ವರ್ಷವೂ ಹೀಗೆಯೇ ತೆರೆದಿರಲಿ ಎಂದವಳಲ್ಲವೇ ನಾನು?

ಮಾಮಾ ನನ್ನ ಮುಖ ನೋಡಿದ. "ಬಸ್ಸಿನ್ಯಾಗ ಎಲ್ಲಾ ಶಟರ್ ಹಾಕಿದ್ರ ವಾಂತಿ ಬರತೈತಿ. ಒಂದು ತೆಗದಿರ್ಬೇಕು. ಖರೇ ಐತಿ ನಿಂದು" ಎಂದು ನಾಲ್ಕು ಬೆರಳು ಜಾಗ ಬಿಟ್ಟ. ನಾನು ಗೆದ್ದೆನೇ? ಗೆದ್ದೆ. ಆದರೆ ಆ ನಾಲ್ಕು ಬೆರಳನ್ನು ಮೂರು ಸಲ ಅಳೆದು ನೋಡಿದೆ.

ತಾಡಪತ್ರಿ ಗಾಳಿ ತಡೆಯುತ್ತದೆ, ಕಾವು ಕೊಡುವುದಿಲ್ಲ. ಅದರ ಕೆಳಗೊಂದು ಕರಿ ಕಂಬಳಿ ಬೇಕೆಂದು ಮಾಮಾ ತೀರ್ಮಾನಿಸಿದ. ಅದಕ್ಕೆ ದೇವರಗುಡ್ಡದ ಹತ್ತಿರ ಅವನಿಗೆ ಗೊತ್ತಿದ್ದ ಕಂಬಳಿ ನೇಯುವ ಅಜ್ಜನೇ ಆಗಬೇಕು. ಸರಿ, ಹೋಗೋಣ. ಆದರೆ ಸಣ್ಣಾಕಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡದ್ದು ಯಾಕೆ?

"ಅಳತಿಗೆ!" ಎಂದ ಮಾಮಾ.

"ಅಳತಿ ಗೂಡಿಂದಲ್ಲೇನು ಬೇಕಾಗೋದು?"

"ಗೂಡನ್ನ ಬಸ್ಸಿನ್ಯಾಗ ಹಾಕ್ಕೊಂಡು ಹೋಗಾಕ ಬರತೈತೇನು?"

ಇದಕ್ಕೆ ಉತ್ತರವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಸಿಕ್ಕಿಲ್ಲ.

ಬಾಗಿಲಲ್ಲಿ ನಿಂತ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೇಳಿದಳು: "ಹತ್ತು ವರ್ಷಾತು, ಒಂದು ಶಾಲು ತಾ ಅನ್ನಾಕತ್ತು. ನನಗ ಬ್ಯಾಡಗಿ ಪ್ಯಾಟಿ ದೂರಾತು. ಆ ಇಲಿಗೆ ದೇವರಗುಡ್ಡ ಹತ್ರಾತು! ಹೋಗ್ರಿ, ಹೋಗಿ ಬರ್ರಿ. ಮುಂದಿನ ಜನ್ಮದಾಗ ನಾನೂ ಬಾಲಾ ಇಲ್ದ ಹುಟ್ಟತೀನಿ."

ರಾಣೆಬೆನ್ನೂರಿನವರೆಗೆ ಮಾಮಾ ಸೀಟಿದ್ದರೂ ಕೂರಲಿಲ್ಲ. ಬಾಗಿಲ ಹತ್ತಿರ ನಿಂತು ಎಳೆಯ ಕಂಡಕ್ಟರನಿಗೆ ಮುಂದಿನ ನಿಲ್ದಾಣಗಳನ್ನು ಹೇಳಿಕೊಡುತ್ತಿದ್ದ. ಪಾಪ, ಅವನು "ಹೌದ್ರಿ ಕಾಕಾ" ಎನ್ನುತ್ತ ಹಿಂದೆ ಹಿಂದೆ ಸರಿದು ಕೊನೆಯ ಸೀಟಿಗೆ ಮುಟ್ಟಿದ.

ಕಂಬಳಿ ಅಜ್ಜ ಮಗ್ಗದ ಪಕ್ಕ ಬಿಸಿಲಿಗೆ ಕುಳಿತಿದ್ದ. ಕಂಬಳಿ ಮುಟ್ಟಿ ನೋಡಿದೆವು. ಉಣ್ಣೆಯ ವಾಸನೆ, ಹುಣಸೆಬೀಜದ ಗಂಜಿಯ ಗಡಸು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಅಜ್ಜ ಬುಟ್ಟಿಯೊಳಗೆ ಇಣುಕಿ, "ಇದ್ಯಾವ ಪ್ರಾಣಿರಿ?" ಎಂದ.

ಮಾಮಾ ಬಾಯಿ ತೆರೆಯುವಷ್ಟರಲ್ಲಿ ನಾನು ಹೇಳಿದೆ. ನಿಖರವಾಗಿರಬೇಕಲ್ಲ! "ಗಿನಿಪಿಗ್ ರಿ ಅಜ್ಜಾ. ಕನ್ನಡದಾಗ ಗಿನಿ ಹಂದಿ ಅಂತಾರ."

ಅಜ್ಜನ ಕೈ ಕಂಬಳಿಯ ಮೇಲೆ ನಿಂತುಬಿಟ್ಟಿತು. ಅದನ್ನು ಮೆಲ್ಲಗೆ ನಮ್ಮ ಕೈಯಿಂದ ಎಳೆದುಕೊಂಡ.

"ಕಂಬಳಿ ದೇವರ ಗದ್ದಿಗಿಗೆ ಹಾಸೂದವಾ. ಮೈಲಾರಲಿಂಗನ ವಸ್ತ್ರ ಇದು. ಹಂದಿಗೆ ಹೊಚ್ಚಾಕ ಕೊಡಂಗಿಲ್ಲ."

"ಅಜ್ಜಾ, ಹೆಸರಷ್ಟ ಹಂದಿ. ಜಾತಿಲೆ ಹಂದಿ ಅಲ್ಲರಿ."

"ಹಂದಿ ಅಲ್ದಿದ್ರ ಹಂದಿ ಅಂತ ಯಾಕಂದಿ?"

"ಅದರ ಹೆಸರ ಹಂಗೈತಿ. ಗಿನಿ ದೇಶದ್ದೂ ಅಲ್ಲ ಅದು."

"ಆ ದೇಶದ್ದಲ್ಲ, ಹಂದಿನೂ ಅಲ್ಲ." ಅಜ್ಜ ಮಾಮಾನ ಕಡೆ ತಿರುಗಿದ. "ಕಂಡಕ್ಟರ್ ಸಾಹೇಬ್ರ, ಈ ಹುಡುಗಿ ಏನು ಓದಾಕತ್ತೈತಿ?"

"ವಕೀಲಕಿರಿ" ಎಂದ ಮಾಮಾ.

"ಹಾಂ" ಎಂದ ಅಜ್ಜ, ಎಲ್ಲ ಅರ್ಥವಾದವನಂತೆ.

ನಾನು ಇನ್ನೂ ಮೂರು ವಾದ ಹೂಡಿದೆ. ಒಂದೊಂದು ವಾದಕ್ಕೂ ಕಂಬಳಿ ಒಂದೊಂದು ಮೊಳ ದೂರ ಹೋಯಿತು. ಹಲ್ಲುಗಳ ರಚನೆಗೆ ಬರುವಷ್ಟರಲ್ಲಿ ಅಜ್ಜ ಅದನ್ನು ಮಡಚಿ ಒಳಗಿಟ್ಟೇಬಿಟ್ಟ.

ಆಗ ಮಾಮಾ ಬುಟ್ಟಿಯಿಂದ ಸಣ್ಣಾಕಿಯನ್ನು ಎತ್ತಿ ಅಜ್ಜನ ಅಂಗೈ ಮೇಲಿಟ್ಟ. "ಇಬ್ಬರಿದ್ರು ಅಜ್ಜಾರ. ಹೋದ ಚಳಿಗೆ ಒಬ್ಬಾಕಿ ಹೋದ್ಲು. ಈಕಿ ಆವತ್ತಿಂದ ಒಂದು ಮಾತಾಡಿಲ್ಲ" ಎಂದ. ಅಷ್ಟೇ. ಇದು ವಾದವೇ? ಇದರಲ್ಲಿ ಪ್ರಾಣಿಯ ಜಾತಿಯ ಬಗ್ಗೆ ಒಂದಕ್ಷರವಿದೆಯೇ?

ಅಜ್ಜ ಅವಳ ಬೆನ್ನಿನ ಮೇಲೆ ಒಂದು ಬೆರಳು ಆಡಿಸಿದ. ಎದ್ದು ಒಳಗೆ ಹೋಗಿ ಅಂಚು ಸವೆದ ಹಳೆಯ ಕಂಬಳಿಯೊಂದನ್ನು ತಂದ. "ಇದು ದೇವರಿಗೆ ಹಾಸಿದ್ದಲ್ಲ. ನಾನ ಹೊಚ್ಚಿಕೊಂಡಿದ್ದು. ಒಯ್ಯಿರಿ" ಎಂದ. ನನ್ನ ಕಡೆ ನೋಡಿ, "ವಕೀಲವ್ವಾ, ಒಳಗ ಹಾಕಬ್ಯಾಡ, ಕಡಿದು ನುಂಗೀತು. ಹೊರಗ ಹೊಚ್ಚು" ಎಂದೂ ಸೇರಿಸಿದ. ನಾನು ದಾರಿಯುದ್ದಕ್ಕೂ ಮಾಮಾನಿಗೆ ಹೇಳಬೇಕೆಂದು ಇಂಟರ್ನೆಟ್ಟಿನಿಂದ ಓದಿಟ್ಟುಕೊಂಡಿದ್ದ ಮಾತು ಅದು!

ಹೀಗೆ ಒಂದು ಕಂಬಳಿ, ಒಂದು ತಾಡಪತ್ರಿ, ನಾಲ್ಕು ಬೆರಳು ಗಾಳಿ, ಮೊಣಕೈ ಮುಳುಗುವಷ್ಟು ಒಣಹುಲ್ಲು, ಇವುಗಳೊಂದಿಗೆ ಗೂಡು ಚಳಿಗಾಲಕ್ಕೆ ಹೊರಟಿತು. ಮಾಮಾ ರೈಟ್ ಹೇಳಿದ. ನಾನು ದಿನಾ ಬೆಳಕು ಹರಿಯುವ ಮೊದಲೇ ಏಳತೊಡಗಿದೆ. ಓದಲು ಎಂದು ಅತ್ತೆಗೆ ಹೇಳಿದೆ. ಹಿತ್ತಲಿಗೆ ಹೋಗಿ, ಕಂಬಳಿಯ ಅಂಚು ಎತ್ತಿ, ಹುಲ್ಲಿನಲ್ಲಿ ಕೈ ಹಾಕಿ, ಬೆಚ್ಚಗಿನ ಮೈಯೊಂದು ತಗುಲುವವರೆಗೆ ಉಸಿರು ಬಿಡುತ್ತಿರಲಿಲ್ಲ. ಆಮೇಲೆ ಬಂದು ಪುಸ್ತಕ ತೆರೆಯುತ್ತಿದ್ದೆ, ಅತ್ತೆ ನೋಡಲೆಂದು.

ಡಿಸೆಂಬರಿನ ಕೊನೆಯಲ್ಲಿ ಚಳಿ ನಿಜಕ್ಕೂ ಬಂತು. ಹೆಪ್ಪುಗಟ್ಟುವ ಮೊಸರೂ ಹೆಪ್ಪುಗಟ್ಟದಷ್ಟು ಚಳಿ! ಸರಿಯಾಗಿ ಆಗಲೇ ಮಾಮಾನ ಹಳೆಯ ಡ್ರೈವರ್ ಹೊಸರಿತ್ತಿಯಿಂದ ಫೋನು ಮಾಡಿ, ಹೊಲದಲ್ಲಿ ಜೋಳದ ತೆನೆ ಹಾಲುಗಟ್ಟಿವೆ, ಎಳೆತೆನೆ ಸುಟ್ಟು ಸೀತನಿ ಮಾಡುತ್ತೇವೆ, ಎರಡು ದಿನ ಇದ್ದು ಹೋಗು ಎಂದ. ಮಾಮಾ ಹೋಗುವುದಿಲ್ಲವೆಂದೇ ನಾನು ನಂಬಿದ್ದೆ. ಅವನು ಚೀಲ ತೆಗೆದ!

"ಈ ಚಳಿಯಾಗ? ಸಣ್ಣಾಕಿನ್ನ ಬಿಟ್ಟು?"

"ನೀ ಅದಿಯಲ್ಲ."

"ನಾನಾ?"

"ಮತ್ತ್ಯಾರು? ನಿಮ್ಮ ಅತ್ತಿ ಆಕಿನ್ನ ಮುಟ್ಟಂಗಿಲ್ಲ" ಎಂದು ಹೊಸ್ತಿಲು ದಾಟಿದ. ಆ ಮನೆಯಲ್ಲಿ ಮೊದಲ ಸಲ ರೈಟ್ ಹೇಳಬೇಕಾದವಳು ನಾನು. ಹೇಳದೆ ಹಿತ್ತಲಿಗೆ ಓಡಿ ಕಂಬಳಿ ಸರಿಪಡಿಸಿದೆ.

ಮರುದಿನ ಮುಂಜಾನೆ ಹಿತ್ತಲಿನಲ್ಲಿ ಮಂಜು. ಬಾಗಿಲ ಚಿಲಕ ಮುಟ್ಟಿದರೆ ಬೆರಳು ಜುಮ್ಮೆಂದಿತು. ಕಂಬಳಿ ಎತ್ತಿದೆ. ಮೊಲಗಳು ಇನ್ನೂ ಸ್ವಲ್ಪ ಗುಲಾಬಿಯಾಗಿಯೇ ಒಂದರ ಮೇಲೊಂದು ಮಲಗಿದ್ದವು. ಈಚೆ ಭಾಗದಲ್ಲಿ ಕೈ ಹಾಕಿದೆ. ಹುಲ್ಲು. ಇನ್ನೂ ಒಳಗೆ. ಹುಲ್ಲು. ಈ ಮೂಲೆ, ಆ ಮೂಲೆ. ಯಾವ ಮೈಯೂ ತಗುಲಲಿಲ್ಲ. ನನ್ನ ತಲೆಯಲ್ಲಿ ವಾದಗಳು ಎದ್ದು ನಿಂತವು. ಕಂಬಳಿ ಇತ್ತು, ದಿಕ್ಕು ಸರಿ ಇತ್ತು, ನಾಲ್ಕು ಬೆರಳು ಜಾಗ ನಾನು ಬಿಡಿಸಿದ್ದು ಮಾತ್ರ... ಅಲ್ಲಿಗೆ ನಿಂತುಹೋದವು. ಭುಜದವರೆಗೆ ಕೈ ತುರುಕಿದೆ. ಬೆರಳಿಗೆ ತಣ್ಣಗಿನದೇನೋ ತಾಕಿತು.

ಅದು ಕಚ್ಚಿತು!

ಕಚ್ಚಿದ್ದಷ್ಟೇ ಅಲ್ಲ, ಹಲಗೆಯ ಬುಡದ ಹುಲ್ಲಿನ ಬಿಲದಿಂದ ಒದ್ದೆ ಮೂಗು ಹೊರಹಾಕಿ, ಇಡೀ ಓಣಿ ಏಳುವಂತೆ ಶಿಳ್ಳೆ ಹೊಡೆಯಿತು. ಒಂದಲ್ಲ, ಎರಡಲ್ಲ! ಬೈಗುಳವೋ, ಹಸಿವೋ, ನನ್ನ ತಣ್ಣನೆ ಕೈಗೆ ದೂರೋ, ನನಗೇನು ಗೊತ್ತು? ಒಂದು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಆಡಿಬಿಟ್ಟಳು. ಅತ್ತೆ ಶಾಲಿಲ್ಲದ ಮೈಗೆ ಚಾದರ ಸುತ್ತಿಕೊಂಡು ಓಡಿಬಂದು, "ಮಾತಾಡಿದ್ಲೇನು? ಆಕಿನ ಏನು?" ಎಂದು ನನ್ನ ಪಕ್ಕ ಮಂಡಿಯೂರಿ ಕುಳಿತಳು. ಮುಟ್ಟುವುದಿಲ್ಲವೆಂದವಳು ಮುಟ್ಟಿಯೂ ಮುಟ್ಟಿದಳು.

ಫೋನು ಮಾಡಿ ಗೂಡಿನ ಮುಂದೆ ಹಿಡಿದೆ. ಆಚೆ ಕಡೆಯಿಂದ ಮಾಮಾ "ಇನ್ನೊಮ್ಮಿ ಕೇಳಸವಾ" ಎಂದ. ಬೆಂಕಿಯಲ್ಲಿ ತೆನೆ ಚಟಪಟ ಎನ್ನುವುದು ಕೇಳುತ್ತಿತ್ತು.

"ಯವ್ವಾ" ಎಂದ ಕೊನೆಗೆ. "ದಿನಾ ನಸುಕಿನ್ಯಾಗ ಎದ್ದು ನೀ ಎಲ್ಲಿಗೆ ಹೊಕ್ಕಿದ್ದಿ ಅಂತ ನನಗ ಗೊತ್ತೈತಿ. ಒಂದು ಮಾತು ಹೇಳ್ತೀನಿ, ಕೇಳು. ಹೋದ ವರ್ಷ ಆಕಿ ಚಳಿಗೆ ಹೋಗಲಿಲ್ಲ. ಆಕಿ ದೊಡ್ಡಾಕಿ ಇದ್ಲಲ್ಲ? ವಯಸ್ಸಾಗಿತ್ತು."

ಅವರಿಬ್ಬರೂ ಒಂದೇ ತಾಯಿಯ ಮರಿಗಳು, ಒಂದೇ ಮುಂಜಾನೆ ಹುಟ್ಟಿದವರು. ಬಾಡಿಗೆದಾರರು ಬಿಟ್ಟುಹೋಗುವಾಗ ಹೇಳಿದ್ದರು. ಮಾಮಾ ಮತ್ತು ನಾನು ಇಬ್ಬರೂ ಅಲ್ಲೇ ನಿಂತು ಕೇಳಿದ್ದೆವು. ನನಗೆ ಗೊತ್ತೆಂದು ಅವನಿಗೂ ಗೊತ್ತು.

"ಹೌದು ಮಾಮಾ" ಎಂದೆ. "ವಯಸ್ಸಾಗಿತ್ತು."